ನಡುವೆ ಎರಡು ಗಂಟೆ

ಜೆಕಿಯೆ ಕೈಚೀಲವನ್ನು ನನ್ನ ಗಲ್ಲಾ ಮೇಲೆ ಬೋರಲು ಹಾಕಿದಳು.
ಗಲಗಲ ಉರುಳಿದವು ಏಳು ಡಬ್ಬಿ.
ಒಂದು ಕಬ್ಬಿಣದ್ದು, ಡಾಕ್ಟರು ಬರೆದದ್ದು.
ಉಳಿದ ಆರು ಯಾರ್ಯಾರೋ ಹೇಳಿದ್ದು:
ಕೂದಲಿಗೆಂದು ನಾದಿನಿ, ಮೂಳೆಗೆಂದು ಪಕ್ಕದ ಮನೆಯವಳು,
'ಎಲ್ಲಕ್ಕೂ' ಎಂದು ಟೀವಿಯಲ್ಲಿ ಬಿಳಿ ಕೋಟು ತೊಟ್ಟ ಯಾವನೋ ನಟ.
"ಮಾತ್ರೆಯಲ್ಲೇ ಹೊಟ್ಟೆ ತುಂಬುತ್ತೆ," ಅಂದಳು,
"ರಕ್ತ ಮಾತ್ರ ತುಂಬಲೊಲ್ಲದು."

ರಿಜೆಯ ಈ ಬೆಟ್ಟಗಳಲ್ಲಿ
ಬಾಗಿಲು ತೆರೆದರೆ ಚಹಾ, ಕಿಟಕಿ ತೆರೆದರೆ ಚಹಾ.
ಮೂವತ್ತೆಂಟು ವರ್ಷದಿಂದ ಅವಳ ಬೆನ್ನು
ಇಳಿಜಾರಿನ ಅಳತೆಗೇ ಬಾಗಿದೆ.
ಬಾಯಿಗೆ ಚೀಲ ಕಟ್ಟಿಕೊಂಡ ಕತ್ತರಿ
ಕಚಕಚ ಎಲೆ ನುಂಗುತ್ತಾ ಅವಳ ಮುಂದೆ ನಡೆಯುತ್ತದೆ.
ಬೆರಳ ಗೆರೆಯಲ್ಲೆಲ್ಲ ಎಲೆಯ ಕಪ್ಪು, ಉಗುರು ಬಿಳಿ.
ಕೆಳರೆಪ್ಪೆ ಎಳೆದು ನೋಡಿದೆ:
ಒಗೆದು ಒಗೆದು ಬಣ್ಣ ಬಿಟ್ಟ ಅರಿವೆ.

ಬಂದವರಿಗೆ ಚಹಾ ಕೊಡದೆ ನಮ್ಮಲ್ಲಿ ಮಾತಿಲ್ಲ.
ನಡು ಸಣ್ಣಗಾದ ಗಾಜಿನ ಲೋಟಕ್ಕೆ ಸುರಿದೆ.
ಮೊಲದ ರಕ್ತ ಅನ್ನುತ್ತೇವೆ ಆ ಬಣ್ಣಕ್ಕೆ.
ಸುರಿಯುತ್ತಾ ಕೇಳಿದೆ,
"ಕಬ್ಬಿಣದ ಮಾತ್ರೆ ಯಾತರ ಜೊತೆ ನುಂಗ್ತೀ?"
"ಚಹಾ ಜೊತೆ. ಇನ್ಯಾತರ ಜೊತೆ?
ನೀರಿರೋದು ಕುದಿಸೋಕೆ."

ನನ್ನ ಕೈ ಅಲ್ಲೇ ನಿಂತಿತು,
ಲೋಟ ತುಳುಕಿ ತಟ್ಟೆಗಿಳಿಯಿತು.

ಹೇಗೆ ಹೇಳುವುದು?
ಮನೆಯ ತಗಡು, ಮಗಳ ಓದು, ಅತ್ತೆಯ ಮಣ್ಣು,
ಎಲ್ಲದಕ್ಕೂ ಒದಗಿ ಬಂದ ಎಲೆಯೇ
ಹೊಟ್ಟೆಯೊಳಗೆ ಕಬ್ಬಿಣವನ್ನು ಗಟ್ಟಿ ತಬ್ಬಿಕೊಂಡು
ರಕ್ತಕ್ಕೆ ಬಿಟ್ಟುಕೊಡದೆ ಹೊರಗೊಯ್ಯುತ್ತದೆ ಅಂತ?
ಹೇಳಿದೆ.
ಅವಳು ನಕ್ಕಳು. ದಮ್ಮು ಹತ್ತುವಷ್ಟು ನಕ್ಕಳು.
"ಹಗಲೆಲ್ಲ ನಾನದರ ತಲೆ ಕತ್ತರಿಸ್ತೀನಲ್ಲ.
ಅದೂ ಲೆಕ್ಕ ಇಟ್ಟಿದೆ."

ಡಬ್ಬಿಗಳನ್ನು ಬೇರೆ ಮಾಡುತ್ತ ಕೂತೆ.
ಎರಡರೊಳಗೆ ಒಂದೇ ಸಾಮಾನು, ಹೊರಗೆ ಹೆಸರು ಬೇರೆ.
ಒಂದರ ಮೇಲೆ ಏನಿದೆಯೆಂದೇ ಇಲ್ಲ, ಚಿರತೆಯ ಚಿತ್ರವಿದೆ.
ಕ್ಯಾಲ್ಸಿಯಂ, ಜೊತೆಗೆ ನುಂಗಿದರೆ ಕಬ್ಬಿಣಕ್ಕೆ ಅಡ್ಡಗಾಲು;
ಬೇಕೋ ಬೇಡವೋ ಡಾಕ್ಟರನ್ನು ಕೇಳು, ಬೇಕಾದರೆ ರಾತ್ರಿಗಿರಲಿ.
ಅದರಲ್ಲಿ ಎರಡು ನನ್ನ ಅಂಗಡಿಯಲ್ಲೇ ಕೊಂಡದ್ದು.
ಅದನ್ನೂ ಹೇಳಬೇಕು. ಹೇಳದಿದ್ದರೆ ನಿದ್ದೆ ಹತ್ತದು.

"ನಿನ್ನೆ ರಾತ್ರಿ ಏನು ತಿಂದೆ?"
"ಅವರಿಗೆ ಹಂಸಿ ಮೀನು ಹುರಿದೆ."
"ನೀನು?"
ಮೆಕ್ಕೆಜೋಳದ ರೊಟ್ಟಿಯ ಅಂಚು. ನಿಂತುಕೊಂಡೇ. ಮೇಲೊಂದು ಚಹಾ.
ಹಿತ್ತಲಲ್ಲಿ ಸೊಂಟದೆತ್ತರ ಬೆಳೆದ ಕರಿಗೋಸು
ಹಸುವಿನ ಪಾಲಾಗುತ್ತಿದೆಯಂತೆ.
ಹಿತ್ತಲ ಗಿಡ ಮದ್ದಲ್ಲ, ಒಪ್ಪಿದೆ.
ಮದ್ದಲ್ಲ, ಊಟ.
ಮದ್ದು ಒಂಟಿಯಾಗಿ ದುಡಿಯಬಾರದೆಂದು ಜೊತೆಗಿರುವುದು.

ಕಬ್ಬಿಣದ ಡಬ್ಬಿಯ ಮೇಲೆ ದಪ್ಪ ಪೆನ್ನಲ್ಲಿ ಬರೆದೆ:
ಬೆಳಿಗ್ಗೆ ಒಂದು. ನೀರು. ಅರ್ಧ ನಿಂಬೆ.
ಎರಡು ಗಂಟೆ ಚಹಾ ಇಲ್ಲ.
ಕೆಳಗೆ, ನನ್ನ ಪುಸ್ತಕಗಳಲ್ಲಿಲ್ಲದ ಒಂದು ಸಾಲು:
ಕೂತು ಉಣ್ಣು.

"ಎರಡು ಗಂಟೆ!" ಅಂದಳು,
ಮನೆಯಿಂದ ಹೊರಹಾಕಿದವಳ ದನಿಯಲ್ಲಿ.

ಮೊದಲ ವಾರ ಓರಗಿತ್ತಿ ಮುನಿದಳಂತೆ,
ಕೊಟ್ಟ ಲೋಟ ಮುಟ್ಟಲಿಲ್ಲವೆಂದು.
ಒಲೆಯ ಮೇಲೆ ಕೆಟಲ್ ಹಬೆಯಾಡುತ್ತಿದ್ದರೆ
ಇವಳು ಅಂಗಳಕ್ಕೆ ಹೋಗಿ ಬೀನ್ಸ್ ಬಿಡಿಸುತ್ತಿದ್ದಳಂತೆ.
ಗೋಡೆಯ ಗಡಿಯಾರ ಇಷ್ಟು ನಿಧಾನ ಎಂದು
ಅಲ್ಲಿಯ ತನಕ ಗೊತ್ತೇ ಇರಲಿಲ್ಲವಂತೆ.

ಮೂರು ತಿಂಗಳಿಗೆ ಬಂದಳು.
ರಕ್ತ ಒಂದೂವರೆ ಏರಿದೆ. ಅಷ್ಟೇ. ಅಷ್ಟು.
ಮೆಟ್ಟಿಲಲ್ಲಿ ಇನ್ನೂ ಒಮ್ಮೆ ನಿಲ್ಲುತ್ತಾಳೆ; ಮೊದಲು ಮೂರು ಸಲ.
ಗಲ್ಲಾ ಮೇಲೆ ಒದ್ದೆ ಕರಿಗೋಸಿನ ಕಟ್ಟು ಇಟ್ಟಳು, ಬೇರಿನ ಮಣ್ಣು ಸಮೇತ.
"ಆ ಚಿರತೆ ಡಬ್ಬಿ?"
"ಗುಂಡಿ ಹಾಕಿಟ್ಟಿದೀನಿ. ಮುಚ್ಚಳ ಗಟ್ಟಿ ಇದೆ."

ಅಭ್ಯಾಸಬಲ, ಕೆಟಲಿಗೆ ಕೈ ಹಾಕಿದೆ.
"ತಡಿ," ಅಂದಳು. "ಎಂಟೂಕಾಲಿಗೆ ನುಂಗಿದ್ದು."
ಗಂಟೆ ನೋಡಿದೆ: ಹತ್ತೂ ಹತ್ತು.
ಇಬ್ಬರೂ ಕೂತೆವು,
ಖಾಲಿ ಲೋಟಗಳನ್ನು ಎದುರಿಗಿಟ್ಟುಕೊಂಡು,
ಐದು ನಿಮಿಷ.